ಎಣ್ಣೆ ಕುಡಿಸಿದರೆ ಹಾಲಿನ ಫ್ಯಾಟ್ ಏರುತ್ತದೆಯೇ?

ಡೈರಿಯಲ್ಲಿ ಹಾಲಿನ ದರ ನಿಂತಿರುವುದು ಫ್ಯಾಟ್ (ಜಿಡ್ಡು) ಮತ್ತು ಎಸ್‌ಎನ್‌ಎಫ್ (ಜಿಡ್ಡಲ್ಲದ ಘನಾಂಶ) ಮೇಲೆ. ಫ್ಯಾಟ್ ಇಳಿದಾಗ ಹಸುವಿಗೆ ಒಂದಿಷ್ಟು ಎಣ್ಣೆ ಕುಡಿಸೋಣ ಎಂದು ಅನ್ನಿಸುವುದು ಸಹಜ. ಹೊಟ್ಟೆಗೆ ಹೋದ ಜಿಡ್ಡು ಹಾಲಿಗೆ ಇಳಿಯಲೇಬೇಕಲ್ಲವೇ? ಆದರೆ ಹಸುವಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ, ಎಷ್ಟೋ ಸಲ ತಿರುಗುಮುರುಗಾಗುತ್ತದೆ. ಹಸು ತಿಂದದ್ದು ಮೊದಲು ಸೇರುವುದು ಅದರ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳ ಪಾಲಿಗೆ. ಹಾಲಿನ ಜಿಡ್ಡು ಹೆಚ್ಚಬೇಕೆನ್ನುವವರು ಮೊದಲು ಅವುಗಳನ್ನು ನೋಡಿಕೊಳ್ಳಬೇಕು. ಎಣ್ಣೆಯ ಮಾತು ಆಮೇಲೆ.

ಹಸುವಿನ ಹೊಟ್ಟೆಯ ನಾಲ್ಕು ಕೋಣೆಗಳಲ್ಲಿ ಎಲ್ಲಕ್ಕಿಂತ ದೊಡ್ಡದು ರೂಮೆನ್. ಅಲ್ಲಿನ ಬ್ಯಾಕ್ಟೀರಿಯಾಗಳು ಮೇವಿನ ನಾರನ್ನು ಹುದುಗಿಸಿ ಅಸಿಟಿಕ್ ಆಮ್ಲ ಮಾಡುತ್ತವೆ. ಕೆಚ್ಚಲು ಮುಖ್ಯವಾಗಿ ಇದನ್ನೇ ಬಳಸಿ ಹಾಲಿನ ಜಿಡ್ಡಿನ ಸುಮಾರು ಅರ್ಧವನ್ನು ತಾನೇ ಹೊಸದಾಗಿ ಕಟ್ಟುತ್ತದೆ. ಉಳಿದದ್ದನ್ನು ರಕ್ತದಿಂದ ಎತ್ತಿಕೊಳ್ಳುತ್ತದೆ. ಎಂದರೆ ಫ್ಯಾಟ್‌ನ ದೊಡ್ಡ ಪಾಲು ಹುಟ್ಟುವುದು ಹುಲ್ಲಿನಿಂದ. ಕಾಳಿನ ಎಣ್ಣೆಗಳಲ್ಲಿರುವ ಅಪರ್ಯಾಪ್ತ ಕೊಬ್ಬಿನಾಮ್ಲಗಳು ನಾರು ಜೀರ್ಣಿಸುವ ಈ ಬ್ಯಾಕ್ಟೀರಿಯಾಗಳಿಗೆ ವಿಷವಿದ್ದಂತೆ. ರೂಮೆನ್ನಿನ ಜೀವಿಗಳು ಆ ಆಮ್ಲಗಳಿಗೆ ಹಂತಹಂತವಾಗಿ ಹೈಡ್ರೋಜನ್ ಸೇರಿಸಿ ಪರ್ಯಾಪ್ತ ಕೊಬ್ಬಾಗಿಸುತ್ತವೆ. ಲಿನೋಲೆಯಿಕ್ ಆಮ್ಲದಲ್ಲಿ ಶೇ. 70ರಿಂದ 95ರಷ್ಟು, ಒಮೆಗಾ-3 ಗುಂಪಿನ ಲಿನೋಲೆನಿಕ್ ಆಮ್ಲದಲ್ಲಿ ಶೇ. 85ಕ್ಕೂ ಹೆಚ್ಚು ಹೀಗೆ ರೂಪ ಬದಲಿಸುತ್ತದೆ. ಆಹಾರದ ಒಣತೂಕದಲ್ಲಿ ಒಟ್ಟು ಕೊಬ್ಬು ಶೇ. 6-7 ದಾಟಿದರೆ ನಾರಿನ ಜೀರ್ಣವೇ ಕುಂಠಿತವಾಗುತ್ತದೆ.

ಮೇವು ಕಡಿಮೆಯಾಗಿ ಧಾನ್ಯದ ಹಿಟ್ಟು ಹೆಚ್ಚಾದಾಗ ಇನ್ನೊಂದು ಕೇಡು ಕಾದಿರುತ್ತದೆ. ರೂಮೆನ್ ಹುಳಿಯಾಗಿ ಹೈಡ್ರೋಜನ್ ಸೇರಿಸುವ ದಾರಿಯೇ ಬದಲಾಗುತ್ತದೆ. ನಡುವೆ ಟ್ರಾನ್ಸ್-10, ಸಿಸ್-12 ಸಿಎಲ್ಎ ಎಂಬ ಕೊಬ್ಬಿನಾಮ್ಲ ಹುಟ್ಟುತ್ತದೆ. 2000ದಲ್ಲಿ ಪ್ರಕಟವಾದ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪ್ರಯೋಗವೊಂದರಲ್ಲಿ ಇದನ್ನು ದಿನಕ್ಕೆ ಬರೀ 10 ಗ್ರಾಂ, ನಾಲ್ಕು ದಿನ, ರೂಮೆನ್ ದಾಟಿಸಿ ನೇರವಾಗಿ ಹಸುವಿನ ನಾಲ್ಕನೇ ಕೋಣೆಗೆ ಬಿಟ್ಟರು. ಹಾಲಿನ ಜಿಡ್ಡು ಶೇ. 40ಕ್ಕಿಂತ ಹೆಚ್ಚು ಕುಸಿಯಿತು. ಈ ಆಮ್ಲವು ಕೆಚ್ಚಲಿನಲ್ಲಿ ಜಿಡ್ಡು ಕಟ್ಟುವ ಕಿಣ್ವಗಳನ್ನೇ ತಗ್ಗಿಸುತ್ತದೆ.

ಹಾಗಾದರೆ ಹತ್ತಿಕಾಳು, ಹಿಂಡಿ ಹಾಕಿ ಫ್ಯಾಟ್ ಕಂಡವರ ಅನುಭವ ಸುಳ್ಳೇ? ಅಲ್ಲ. ಇಡೀ ಹತ್ತಿಕಾಳಿನೊಳಗಿನ ಎಣ್ಣೆ ನಿಧಾನವಾಗಿ ಹೊರಬರುತ್ತದೆ, ಜೊತೆಗೆ ನಾರೂ ಸಿಗುತ್ತದೆ. ಹಿಂಡಿಯಲ್ಲಿ ಉಳಿದಿರುವ ಎಣ್ಣೆ ಅಲ್ಪ. ಸೀಸೆಯಿಂದ ಒಮ್ಮೆಗೇ ಸುರಿದ ಎಣ್ಣೆಯ ಪೆಟ್ಟು ಬೇರೆ. ಆಡುಗಳಲ್ಲಿ ಕಾಳಿನ ಎಣ್ಣೆ ಸಾಮಾನ್ಯವಾಗಿ ಜಿಡ್ಡನ್ನು ಹೆಚ್ಚಿಸುತ್ತದೆ ಎಂಬುದೂ ನಿಜ, ಆದರೆ ಅದನ್ನು ಹಸುವಿಗೆ ಅನ್ವಯಿಸಲಾಗದು. ಬೈಪಾಸ್ ಫ್ಯಾಟ್ ಇದೆಯಲ್ಲ ಎಂದರೆ, ಅದು ಈ ವಾದವನ್ನು ಗಟ್ಟಿ ಮಾಡುತ್ತದೆ. ಕೊಬ್ಬಿನಾಮ್ಲಕ್ಕೆ ಕ್ಯಾಲ್ಸಿಯಂ ಬೆಸೆದು ಮಾಡಿದ ಈ ಪುಡಿ ರೂಮೆನ್ನಿನಲ್ಲಿ ಬಹುಮಟ್ಟಿಗೆ ಕರಗದೆ ಸಾಗಿ, ನಾಲ್ಕನೇ ಕೋಣೆಯ ಹುಳಿಯಲ್ಲಿ ಬಿಡಿಸಿಕೊಳ್ಳುತ್ತದೆ. ಸೂಕ್ಷ್ಮಜೀವಿಗಳನ್ನು ತಪ್ಪಿಸಿ ಹೋಗುವುದೇ ಅದರ ಗುಣ. ಕರು ಹಾಕಿದ ಹೊಸತರಲ್ಲಿ, ತಿಂದದ್ದು ಸಾಲದೆ ಮೈ ಇಳಿಯುವ ಹೆಚ್ಚು ಹಾಲಿನ ಹಸುವಿಗೆ ಇದರ ಶಕ್ತಿ ಬೇಕು. ಎರಡು-ಮೂರು ಲೀಟರ್ ಕೊಡುವ ಹಸುವಿಗೆ ಅದು ದಂಡದ ಖರ್ಚು.

ಅಗಸೆ ಎಣ್ಣೆ ತಿನ್ನಿಸಿ ಹಾಲನ್ನು ಒಮೆಗಾ-3 ಭರಿತ ಮಾಡಬಹುದು ಎಂಬ ಆಸೆಯನ್ನೂ ತೂಗಿ ನೋಡಬೇಕು. ಅಗಸೆ ಹಾಲಿನ ಪರ್ಯಾಪ್ತ ಕೊಬ್ಬನ್ನು ತಗ್ಗಿಸಿ ಬೆಣ್ಣೆಯನ್ನು ಮೆದುವಾಗಿಸುತ್ತದೆ, ರೂಮೆನ್ನಿನ ಮೀಥೇನನ್ನೂ ಕುಗ್ಗಿಸುತ್ತದೆ. ಇವು ನಿಜವಾದ ಲಾಭಗಳು. ಆದರೆ ಹಾಲಿನ ಜಿಡ್ಡಿನಲ್ಲಿ ಲಿನೋಲೆನಿಕ್ ಆಮ್ಲ ಶೇ. 1ಕ್ಕೆ ಏರಿತೆಂದರೂ, 7 ಗ್ರಾಂ ಜಿಡ್ಡಿರುವ ಒಂದು ಲೋಟ ಹಾಲಿನಲ್ಲಿ ಸಿಗುವುದು 70 ಮಿಲಿಗ್ರಾಂ. ಒಂದು ಚಮಚ ಅಗಸೆ ಚಟ್ನಿಪುಡಿಯಲ್ಲಿ ಇದರ ಎಷ್ಟೋ ಪಟ್ಟು ಇರುತ್ತದೆ. ಒಮೆಗಾ-3 ಬೇಕಾದವರು ಅಗಸೆಯನ್ನು ತಾವೇ ತಿನ್ನುವುದು ಲೇಸು.

ಹಾಲು ಕರೆಯುವವರಲ್ಲಿ ಒಂದೇ ಬಿನ್ನಹ: ಫ್ಯಾಟ್ ಇಳಿದರೆ ಎಣ್ಣೆ ಸೀಸೆಗೆ ಕೈ ಹಾಕುವ ಮುನ್ನ ಗೋದಲಿಯಲ್ಲಿ ಸಾಕಷ್ಟು ಒಣಮೇವು, ಹಸಿರುಮೇವು ಇದೆಯೇ, ಹಿಟ್ಟು ಹೆಚ್ಚಾಗಿದೆಯೇ, ಹಸು ಚೆನ್ನಾಗಿ ಮೆಲುಕು ಹಾಕುತ್ತಿದೆಯೇ ನೋಡಿ. ಬೈಪಾಸ್ ಫ್ಯಾಟ್ ಬೇಕೆನಿಸಿದರೆ ಪಶುವೈದ್ಯರನ್ನು ಕೇಳಿ ಕೊಡಿ.