ಹಾರಾಟದ ಗಂಟೆಗಳೂ ಶುಲ್ಕದ ಲೆಕ್ಕವೂ

ವಾಣಿಜ್ಯ ಪೈಲಟ್ ಪರವಾನಗಿಗೆ ನಮ್ಮ ದೇಶದಲ್ಲಿ ಕನಿಷ್ಠ 200 ಗಂಟೆಗಳ ಹಾರಾಟವು ಅವಶ್ಯಕ. ಇವುಗಳಲ್ಲಿ 100 ಗಂಟೆಗಳಲ್ಲಿ ಅಭ್ಯರ್ಥಿಯೇ ವಿಮಾನದ ಪೂರ್ಣ ಹೊಣೆ ಹೊತ್ತಿರಬೇಕು. ರಾತ್ರಿಯ ಹಾರಾಟವೂ 5 ಗಂಟೆಗಳಿರಬೇಕು. ಮಳೆ, ಮಂಜು, ವಿಮಾನದ ದುರಸ್ತಿಗಳಿಂದ ಹಾರಾಟವು ನಿಲ್ಲುತ್ತದೆ. ಸಾಲದ ಬಡ್ಡಿಯು ನಿಲ್ಲುವುದಿಲ್ಲ. ನಮ್ಮ ಕಕ್ಷಿದಾರರೊಬ್ಬರು ಮಗಳಿಗಾಗಿ ಪೂರ್ತಿ ಶುಲ್ಕವನ್ನು ಮುಂಗಡವಾಗಿ ತೆತ್ತರು. ಆಕೆಯ 60 ಗಂಟೆಗಳು ಮುಗಿಯುವಷ್ಟರಲ್ಲಿ ತರಬೇತಿಯು ಸ್ಥಗಿತಗೊಂಡಿತು. ಕರಾರಿನಲ್ಲಿ ಮರುಪಾವತಿಯ ಷರತ್ತೇ ಇರಲಿಲ್ಲ!

ಆದುದರಿಂದ ಸದಸ್ಯರು ಮೊದಲು ಮಕ್ಕಳ ಪ್ರಥಮ ದರ್ಜೆಯ ವೈದ್ಯಕೀಯ ಅರ್ಹತೆಯನ್ನು ಖಚಿತಪಡಿಸಿಕೊಳ್ಳುವುದು ಲೇಸು. ಶುಲ್ಕವನ್ನು ಹಾರಿದ ಗಂಟೆಗಳಿಗನುಗುಣವಾಗಿ ಕಂತುಗಳಲ್ಲಿ ಪಾವತಿಸುವಂತೆ ಕರಾರು ಮಾಡಿಕೊಳ್ಳಬೇಕು. ಶಿಕ್ಷಣ ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ಕಡಿತವುಂಟಾದರೂ ಅದು ಹಳೆಯ ತೆರಿಗೆ ಪದ್ಧತಿಯನ್ನು ಆಯ್ದವರಿಗೆ ಮಾತ್ರ. ಲಾಗ್‌ಬುಕ್ಕಿನ ಗಂಟೆಗಳನ್ನೂ ಶುಲ್ಕದ ರಸೀದಿಗಳನ್ನೂ ಪ್ರತಿ ತಿಂಗಳು ತಾಳೆ ನೋಡತಕ್ಕದ್ದು.