ಬಂಕಿಮ್ ಚಟರ್ಜಿ ಬೀದಿ, ನಂಬರು ಒಂದು

ಕೋಲ್ಕತ್ತಾದ ಕಾಲೇಜ್ ಸ್ಟ್ರೀಟಿನಿಂದ ಬಂಕಿಮ್ ಚಟರ್ಜಿ ಬೀದಿಗೆ ಹೊರಳಿದವರು ಹೆಚ್ಚಿನವರು ಕಾಫಿ ಹೌಸಿನ ಮೆಟ್ಟಿಲು ಹತ್ತುತ್ತಾರೆ. ನಾನು ಹೊರಟಿದ್ದು ಅದೇ ಬೀದಿಯ ಕಂಬಸಾಲಿನ ಕಟ್ಟಡಕ್ಕೆ. 1824ರಲ್ಲಿ ಶುರುವಾದ ಸಂಸ್ಕೃತ ಕಾಲೇಜು ಅದು. ಈಗ ವಿಶ್ವವಿದ್ಯಾಲಯವೂ ಹೌದು. ಈಶ್ವರಚಂದ್ರ ವಿದ್ಯಾಸಾಗರರನ್ನು ವಿಧವಾ ವಿವಾಹದ ಹೋರಾಟಗಾರರೆಂದು ನಾವು ಶಾಲೆಯಲ್ಲೇ ಓದಿದ್ದೇವೆ. ಆದರೆ ಈ ಕಾಲೇಜಿನ ಪ್ರಿನ್ಸಿಪಾಲರಾಗಿ ಅವರು ಮಾಡಿದ ಕೆಲಸ ಅದಕ್ಕಿಂತ ಕಡಿಮೆ ಧೈರ್ಯದ್ದಲ್ಲ ಎಂಬುದು ನನ್ನ ಲೆಕ್ಕ.

ಕಟ್ಟಡ ಕಟ್ಟಿದಾಗಿನ ಹಂಚಿಕೆಯೇ ಸ್ವಾರಸ್ಯದ್ದು. ನಡುವೆ ಸಂಸ್ಕೃತ ಕಾಲೇಜು, ಎರಡು ಪಕ್ಕಗಳಲ್ಲಿ ಇಂಗ್ಲಿಷ್ ಕಲಿಸುವ ಹಿಂದೂ ಕಾಲೇಜು. ಬೀರಸಿಂಹ ಎಂಬ ಹಳ್ಳಿಯ ಬಡ ಬ್ರಾಹ್ಮಣರ ಹುಡುಗ 1829ರಲ್ಲಿ ನಡುವಿನ ಬಾಗಿಲಿನಿಂದ ಒಳಗೆ ಬಂದ. ವ್ಯಾಕರಣ, ಕಾವ್ಯ, ಅಲಂಕಾರ, ವೇದಾಂತ, ಸ್ಮೃತಿ, ನ್ಯಾಯ ಎಂದು ಹನ್ನೆರಡು ವರ್ಷ ಇಲ್ಲೇ ಕಳೆದ. 'ವಿದ್ಯಾಸಾಗರ' ಎಂಬ ಬಿರುದೂ ಇಲ್ಲೇ ಸಿಕ್ಕಿತು. 1846ರಲ್ಲಿ ಸಹಾಯಕ ಕಾರ್ಯದರ್ಶಿಯಾಗಿ ಮರಳಿ ಬಂದವರು, ಮೇಲಿನವರೊಂದಿಗೆ ಸರಿಬೀಳದೆ ಮರುವರ್ಷವೇ ರಾಜೀನಾಮೆ ಕೊಟ್ಟು ಹೊರನಡೆದರು. 1851ರಲ್ಲಿ ಪ್ರಿನ್ಸಿಪಾಲರಾದಾಗ ವಯಸ್ಸು ಮೂವತ್ತು.

ಮೊದಲು ಕೈಹಾಕಿದ್ದು ವ್ಯಾಕರಣಕ್ಕೆ. ಮಕ್ಕಳು ಅರ್ಥವಾಗದ ಭಾಷೆಯ ವ್ಯಾಕರಣವನ್ನು ಅದೇ ಭಾಷೆಯಲ್ಲಿ, 'ಮುಗ್ಧಬೋಧ'ದ ಸೂತ್ರಗಳಲ್ಲಿ, ವರ್ಷಗಟ್ಟಲೆ ಉರುಹೊಡೆಯುತ್ತಿದ್ದರು. ವಿದ್ಯಾಸಾಗರರು ಅದನ್ನು ಬದಿಗಿಟ್ಟು ಬಂಗಾಳಿಯಲ್ಲೇ 'ಉಪಕ್ರಮಣಿಕಾ' ಬರೆದುಕೊಟ್ಟರು. ಪಾಡ್ಯ, ಅಷ್ಟಮಿಗಳ ಅನಧ್ಯಯನ ಹೋಗಿ ಭಾನುವಾರದ ರಜೆ ಬಂತು. ಹಾಜರಿ, ಶುಲ್ಕ ಎಲ್ಲವೂ ಬಿಗಿಯಾದವು.

ಆಗ ಇಲ್ಲಿ ಬ್ರಾಹ್ಮಣರಿಗೆ, ವೈದ್ಯ ಜಾತಿಯವರಿಗೆ ಮಾತ್ರ ಪ್ರವೇಶ. ಕಾಯಸ್ಥರನ್ನು ಸೇರಿಸಬಾರದೆಂದು ಅಧ್ಯಾಪಕ ಪಂಡಿತರು ತಕರಾರು ತೆಗೆದಾಗ ವಿದ್ಯಾಸಾಗರರು ಹಾಕಿದ ಪಟ್ಟು ಲಾಯರುಗಳಿಗೆ ತಕ್ಕದ್ದು: ಸಂಬಳ ತೆಗೆದುಕೊಂಡು ಐರೋಪ್ಯರಿಗೆ ಸಂಸ್ಕೃತ ಕಲಿಸಬಹುದಾದರೆ, ಕಾಯಸ್ಥರಿಗೇಕೆ ಕಲಿಸಬಾರದು? ಬಾಗಿಲು ತೆರೆಯಿತು. 1854ರಲ್ಲಿ ಇತರ 'ಗೌರವಸ್ಥ' ಹಿಂದೂಗಳಿಗೂ ತೆರೆಯಿತು. ಆದರೆ ಮರುವರ್ಷ ಸುವರ್ಣವಣಿಕ ಜಾತಿಯವರ ಅರ್ಜಿ ಬಂದಾಗ ವಿದ್ಯಾಸಾಗರರೇ ಒಪ್ಪಲಿಲ್ಲ. ಅವರ ಧೈರ್ಯಕ್ಕೂ ಒಂದು ಗಡಿಯಿತ್ತು. ಜೀವನಚರಿತ್ರೆಗಳು ಇದನ್ನು ಮೆತ್ತಗೆ ದಾಟಿಬಿಡುತ್ತವೆ.

ಅಂಗಳದ ನೆರಳಲ್ಲಿ ನಿಂತಾಗ ನನಗೆ ನೆನಪಾದದ್ದು 1853ರ ಜಗಳ. ಕಾಶಿಯ ಸಂಸ್ಕೃತ ಕಾಲೇಜಿನ ಪ್ರಿನ್ಸಿಪಾಲ್ ಬ್ಯಾಲಂಟೈನ್ ಇಲ್ಲಿಗೆ ಬಂದು ವರದಿ ಬರೆದರು. ಭಾರತೀಯ ದರ್ಶನದ ಜೊತೆಗೆ ಐರೋಪ್ಯ ತತ್ತ್ವಜ್ಞಾನಿ ಬರ್ಕ್ಲಿಯನ್ನೂ, ಮಿಲ್ಲನ ತರ್ಕದ ಸಾರಾಂಶವಾಗಿ ತಾವೇ ಬರೆದ ಪುಸ್ತಕವನ್ನೂ ಪಾಠಕ್ಕಿಡಿ ಎಂದರು. ವಿದ್ಯಾಸಾಗರರ ಉತ್ತರ ಇಂದಿಗೂ ಚುರುಕು ಮುಟ್ಟಿಸುವಂಥದ್ದು. ವೇದಾಂತ, ಸಾಂಖ್ಯಗಳು ತಪ್ಪು ದರ್ಶನಗಳು. ಇಲ್ಲಿ ಅವನ್ನು ಬಿಡುವಂತಿಲ್ಲ, ಕಲಿಸಲೇಬೇಕು. ಹಾಗಿರುವಾಗ ವೇದಾಂತದ ತೀರ್ಮಾನಕ್ಕೇ ಬರುವ ಬರ್ಕ್ಲಿಯನ್ನು ಓದಿಸಿದರೆ ಆ ತಪ್ಪಿಗೇ ಬಲ ಬರುತ್ತದೆ. ಮಿಲ್ಲನನ್ನು ಓದಿಸಿ, ಸಾರಾಂಶವನ್ನಲ್ಲ, ಮೂಲವನ್ನೇ. ವೇದಾಂತ ಕಲಿತೇ ಪ್ರಿನ್ಸಿಪಾಲರಾದವರು ಹೀಗೆ ಬರೆದರೆಂದರೆ! ನಮ್ಮಲ್ಲಿ ಅನೇಕರಿಗೆ ಈ ವಿದ್ಯಾಸಾಗರರು ರುಚಿಸಲಾರರು. ನನಗೂ ವೇದಾಂತದ ಬಗ್ಗೆ ಅವರ ಮಾತು ಆತುರದ್ದೆನಿಸುತ್ತದೆ. ಪಠ್ಯಕ್ರಮದ ಬಗ್ಗೆ ಮಾತ್ರ ಅವರು ಹೇಳಿದ್ದೇ ಸರಿ.

ಬೀದಿ ದಾಟಿದರೆ ಕಾಲೇಜ್ ಸ್ಕ್ವೇರ್, ನಡುವೆ ಈಜುವವರ ಕೆರೆ. ಇಲ್ಲಿನ ವಿದ್ಯಾಸಾಗರ ಪ್ರತಿಮೆಯ ತಲೆಯನ್ನು 1970ರಲ್ಲಿ ನಕ್ಸಲೀಯ ಯುವಕರು ಹಾರಿಸಿದ್ದರು.

ಉತ್ತರಕ್ಕೆ ನಡೆದರೆ ಹಳೆಯ ಸುಕಿಯಾ ಸ್ಟ್ರೀಟ್. ಅದರ ಒಂದು ಭಾಗ ಈಗ ಕೈಲಾಸ್ ಬೋಸ್ ಸ್ಟ್ರೀಟ್. 1856ರ ಡಿಸೆಂಬರ್ 7ರಂದು ಇಲ್ಲಿಯ ಮನೆಯೊಂದರಲ್ಲಿ, ವಿದ್ಯಾಸಾಗರರ ಹೋರಾಟದಿಂದ ಬಂದ ಹೊಸ ಕಾಯಿದೆಯಡಿ ಮೊದಲ ವಿಧವಾ ವಿವಾಹ ನಡೆಯಿತು. ವರ ಶ್ರೀಶಚಂದ್ರ ವಿದ್ಯಾರತ್ನ, ಸಂಸ್ಕೃತ ಕಾಲೇಜಿನ ನಂಟಿನವರೇ. ಇಂಥ ವಿವಾಹಕ್ಕೆ ಶಾಸ್ತ್ರಾಧಾರ ಹುಡುಕಿದ್ದೂ ಅದೇ ಕಾಲೇಜಿನ ಓಲೆಗರಿಗಳ ನಡುವೆ ಬೆಳೆದ ಪಾಂಡಿತ್ಯ.

1857ರ ನವೆಂಬರಿನಿಂದ ಮುಂದಿನ ಮೇ ತಿಂಗಳೊಳಗೆ ವಿದ್ಯಾಸಾಗರರು ಹೆಣ್ಣುಮಕ್ಕಳಿಗಾಗಿ 35 ಶಾಲೆ ತೆರೆದರು. ಖರ್ಚು ಕೊಡುವುದಿಲ್ಲವೆಂದು ಸರ್ಕಾರ ಕೈಚೆಲ್ಲಿತು. 1858ರಲ್ಲಿ, ತಿಂಗಳಿಗೆ 500 ರೂಪಾಯಿ ಸಂಬಳದ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಪಿಂಚಣಿಯೂ ಇಲ್ಲ. ಮುಂದೆ ಅವರನ್ನು ಸಾಕಿದ್ದು ಪುಸ್ತಕಗಳು, ಎಲ್ಲಕ್ಕಿಂತ ಹೆಚ್ಚಾಗಿ ಬಂಗಾಳಿ ಮಕ್ಕಳ ಅಕ್ಷರಮಾಲೆ 'ವರ್ಣಪರಿಚಯ'. ಷೇಕ್ಸ್‌ಪಿಯರನ ನಾಟಕವೊಂದನ್ನು ಅವರು ಕಥೆಯಾಗಿಸಿದ 'ಭ್ರಾಂತಿವಿಲಾಸ'ವನ್ನು ಬಿ. ವೆಂಕಟಾಚಾರ್ಯರು ಕನ್ನಡಕ್ಕೂ ತಂದರು.

ಹತ್ತಿರದ ಶಂಕರ್ ಘೋಷ್ ಲೇನಿನಲ್ಲಿ ವಿದ್ಯಾಸಾಗರ್ ಕಾಲೇಜು ಇದೆ. ಅವರ ಕಾಲದಲ್ಲಿ ಇದರ ಹೆಸರು ಮೆಟ್ರೋಪಾಲಿಟನ್ ಇನ್‌ಸ್ಟಿಟ್ಯೂಷನ್. 1872ರಲ್ಲಿ ಕಾಲೇಜು ದರ್ಜೆ ಸಿಕ್ಕಿತು. ಬಿಳಿಯ ಅಧ್ಯಾಪಕರಿಲ್ಲದೆ ಕಾಲೇಜು ನಡೆಯುವುದುಂಟೇ ಎಂದು ಕೇಳುತ್ತಿದ್ದ ಕಾಲ ಅದು. ಇಲ್ಲಿ ಇಂಗ್ಲಿಷ್ ಕಲಿಸಲು ಕೂಡ ವಿದ್ಯಾಸಾಗರರು ಭಾರತೀಯರನ್ನೇ ನೇಮಿಸಿದರು.