ಅಗೆಯದೆ ಹುಡುಕುವ ನಿಧಿ

ಬಾಗಲಕೋಟೆ ಜಿಲ್ಲೆಯ ನಕಾಶೆಯೊಂದನ್ನು ಮೇಜಿನ ಮೇಲೆ ಹರಡಿಕೊಳ್ಳೋಣ. ಉತ್ತರ ಅಕ್ಷಾಂಶ 16 ಡಿಗ್ರಿಯ ರೇಖೆ ಅದರ ಮೇಲೆ ಅಡ್ಡಲಾಗಿಯೂ, ಪೂರ್ವ ರೇಖಾಂಶ 76 ಡಿಗ್ರಿಯ ರೇಖೆ ಉದ್ದಲಾಗಿಯೂ ಹಾದುಹೋಗುತ್ತವೆ. ಅವೆರಡೂ ಕೂಡುವ ಬಿಂದುವಿನ ಸುತ್ತ ನಾಲ್ಕು ಊರುಗಳು ನಾಲ್ಕು ಮೂಲೆ ಹಿಡಿದು ಕುಳಿತಿವೆ: ವಾಯವ್ಯಕ್ಕೆ ಬಾಗಲಕೋಟೆ, ನೈರುತ್ಯಕ್ಕೆ ಬಾದಾಮಿ, ಈಶಾನ್ಯಕ್ಕೆ ಹುನಗುಂದ, ಆಗ್ನೇಯಕ್ಕೆ ಇಳಕಲ್ಲು. ಬಿಂದುವು ಹುನಗುಂದದಿಂದ ಸುಮಾರು 9 ಕಿಲೋಮೀಟರು, ಇಳಕಲ್ಲಿನಿಂದ ಸುಮಾರು 13 ಕಿಲೋಮೀಟರು ದೂರದಲ್ಲಿದೆ. ಪ್ರಕೃತಿಯು ಅಲ್ಲಿ ಯಾವ ಗುರುತನ್ನೂ ಇಟ್ಟಿಲ್ಲ. ಆದರೂ ಈ ನಾಡನ್ನು ಎಂದೂ ಕಾಣದ, ನಮ್ಮ ಭಾಷೆಯ ಒಂದಕ್ಷರವನ್ನೂ ಅರಿಯದ ಒಬ್ಬರಿಗೆ ‘ಹದಿನಾರು, ಎಪ್ಪತ್ತಾರು’ ಎಂದಷ್ಟೇ ಹೇಳಿಕಳುಹಿಸಿದರೆ ಅವರು ಅಲ್ಲಿಗೇ ಬಂದು ನಿಲ್ಲಬಲ್ಲರು.

ಈ ಶಕ್ತಿಯನ್ನೇ ಆಧಾರವಾಗಿಟ್ಟುಕೊಂಡು ಹುಟ್ಟಿದ ಆಟಕ್ಕೆ ಜಿಯೋಕ್ಯಾಶಿಂಗ್ ಎಂದು ಹೆಸರು. ಜಿಯೋ ಎಂದರೆ ಭೂಮಿ. ಕ್ಯಾಶ್ ಎಂಬುದು ಇಲ್ಲಿ ನಗದು ಹಣವಲ್ಲ, ಮರೆಯಲ್ಲಿಟ್ಟ ಸಾಮಾನು. ಆಟಗಾರರೊಬ್ಬರು ನೀರು ಹೋಗದ ಡಬ್ಬಿಯಲ್ಲಿ ಚಿಕ್ಕದೊಂದು ದಾಖಲೆ ಪುಸ್ತಕವನ್ನಿಟ್ಟು, ಅದನ್ನು ಕಲ್ಲಿನ ಸಂದಿಯಲ್ಲಿಯೋ ಮರದ ಪೊಟರೆಯಲ್ಲಿಯೋ ಅಡಗಿಸಿ, ಆ ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸುತ್ತಾರೆ. ಇತರರು ಅಂಕೆಗಳನ್ನು ಹಿಡಿದು ಹೊರಟು, ಡಬ್ಬಿಯನ್ನು ಕಂಡುಹಿಡಿದು, ಪುಸ್ತಕದಲ್ಲಿ ಹೆಸರು ಬರೆದು, ಇದ್ದಲ್ಲಿಯೇ ಇಟ್ಟು ಬರುತ್ತಾರೆ. ಡಬ್ಬಿಯೊಳಗಿನ ಆಟಿಕೆಯೊಂದನ್ನು ತೆಗೆದುಕೊಂಡರೆ ಅಷ್ಟೇ ಬೆಲೆಯ ಬೇರೊಂದನ್ನು ಇಡತಕ್ಕದ್ದು. ಇಂದು ಜಗತ್ತಿನಲ್ಲಿ ಇಂಥ ಗುಪ್ತಸ್ಥಾನಗಳು 30 ಲಕ್ಷಕ್ಕೂ ಮಿಕ್ಕು ಇವೆ.

ಆಟದ ಜನ್ಮದಿನವನ್ನು ಇಷ್ಟು ಖಚಿತವಾಗಿ ಹೇಳಬಹುದಾದ ಆಟಗಳು ವಿರಳ. ಅಮೆರಿಕದ ಸ್ಥಾನನಿರ್ದೇಶಕ ಉಪಗ್ರಹಗಳು, ಎಂದರೆ ಜಿ.ಪಿ.ಎಸ್., ಮೊದಲು ಸೈನ್ಯದ ಸೊತ್ತಾಗಿದ್ದುವು. ಸಾರ್ವಜನಿಕರಿಗೆ ಸಿಗುವ ಸಂಜ್ಞೆಯಲ್ಲಿ ಬೇಕೆಂದೇ ತಪ್ಪನ್ನು ಬೆರೆಸುತ್ತಿದ್ದರು. ಸ್ಥಾನವು ನೂರು ಮೀಟರಿನಷ್ಟು ಆಚೀಚೆಯಾಗುತ್ತಿತ್ತು. 2000ದ ಮೇ 2ರಂದು ಈ ಬೆರಕೆ ನಿಂತಿತು. ಮರುದಿನವೇ ಡೇವ್ ಅಲ್ಮರ್ ಎಂಬವರು ಆರೆಗಾನ್ ರಾಜ್ಯದ ಕಾಡಿನಲ್ಲಿ ಒಂದು ಬಕೆಟ್ಟನ್ನು ಇಟ್ಟು ಅಂಕೆಗಳನ್ನು ಸಾರಿದರು. ಮೂರು ದಿನಗಳೊಳಗಾಗಿ ಇಬ್ಬರು ಅದನ್ನು ಕಂಡುಹಿಡಿದರು. ಬಕೆಟ್ಟಿನಲ್ಲಿ ಬೇಯಿಸಿದ ಅವರೆಯಂಥ ಕಾಳಿನ ಡಬ್ಬಿಯೂ ಒಂದಿತ್ತಂತೆ! ಈಗಿನ ನಿಯಮದಂತೆ ತಿನಿಸನ್ನು ಇಡುವಂತಿಲ್ಲ. ಮನುಷ್ಯರಿಗಿಂತ ಮೊದಲು ಇರುವೆ, ಇಲಿಗಳು ಅದನ್ನು ಪತ್ತೆಮಾಡುತ್ತವೆ.

ಆಕಾಶದಲ್ಲಿರುವ ಉಪಗ್ರಹವು ನೆಲದ ಮೇಲಿನ ನಮ್ಮ ಸ್ಥಾನವನ್ನು ತಿಳಿಸುವುದು ಹೇಗೆ? ವಾಸ್ತವವಾಗಿ ಅದಕ್ಕೆ ನಾವು ಇರುವುದೇ ತಿಳಿಯದು. ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತ, ಅದು ‘ನಾನು ಇಂಥಲ್ಲಿದ್ದೇನೆ, ಈಗ ಇಷ್ಟು ಹೊತ್ತು’ ಎಂದು ರೇಡಿಯೋ ಅಲೆಗಳಲ್ಲಿ ಸಾರುತ್ತಲೇ ಇರುತ್ತದೆ. ಅಲೆಯು ಹೊರಟ ಹೊತ್ತಿಗೂ ನಮ್ಮನ್ನು ತಲುಪಿದ ಹೊತ್ತಿಗೂ ಇರುವ ಅಂತರವನ್ನು ಬೆಳಕಿನ ವೇಗದಿಂದ ಗುಣಿಸಿದರೆ ಉಪಗ್ರಹದ ದೂರ ಬರುತ್ತದೆ. ಮೂರು ಗೂಟಗಳಿಗೆ ಮೂರು ಹಗ್ಗಗಳನ್ನು ಕಟ್ಟಿ ಬಿಗಿಯಾಗಿ ಎಳೆದರೆ ಅವುಗಳ ತುದಿಗಳು ಹೇಗೆ ಒಂದೇ ಕಡೆಯಲ್ಲಿ ಸೇರುತ್ತವೆಯೋ ಹಾಗೆಯೇ ಮೂರು ದೂರಗಳಿಂದ ನಮ್ಮ ಸ್ಥಾನ ಗೊತ್ತಾಗಬೇಕು. ಆದರೆ ಉಪಗ್ರಹದಲ್ಲಿರುವುದು ಪರಮಾಣು ಗಡಿಯಾರ. ನಮ್ಮ ಕೈಯ ಫೋನಿನಲ್ಲಿರುವುದು ಅಗ್ಗದ ಗಡಿಯಾರ. ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಪ್ಪಿದರೂ ದೂರದಲ್ಲಿ 300 ಮೀಟರು ತಪ್ಪುತ್ತದೆ. ಆದುದರಿಂದ ನಾಲ್ಕನೆಯ ಉಪಗ್ರಹವೊಂದರ ಸಾಕ್ಷ್ಯವನ್ನೂ ಕೇಳಿ, ನಮ್ಮ ಗಡಿಯಾರದ ತಪ್ಪನ್ನೂ ಲೆಕ್ಕದಿಂದಲೇ ತೆಗೆದುಹಾಕುತ್ತಾರೆ.

ಇಲ್ಲಿ ಐನ್‌ಸ್ಟೈನರಿಗೂ ಒಂದು ಪಾತ್ರವುಂಟು. ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ಆ ಎತ್ತರದ ಗಡಿಯಾರವು ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡುಗಳಷ್ಟು ಮುಂದೋಡುತ್ತದೆ. ಇದನ್ನು ಮೊದಲೇ ಸರಿಪಡಿಸದಿದ್ದರೆ ಅಳತೆಯಲ್ಲಿ ದಿನವೊಂದಕ್ಕೆ 11 ಕಿಲೋಮೀಟರುಗಳ ತಪ್ಪು ಸೇರುತ್ತ ಹೋಗುತ್ತಿತ್ತು. ಹುನಗುಂದದಿಂದ ಇಳಕಲ್ಲಿಗೆ ಇರುವ ನೇರ ದೂರವು ಅದಕ್ಕಿಂತ ಸ್ವಲ್ಪವೇ ಹೆಚ್ಚು. ಭಾರತವೂ ತನ್ನದೇ ಆದ ನಾವಿಕ್ ಉಪಗ್ರಹಗಳನ್ನು 2013ರ ಜುಲೈ 1ರಿಂದ ಹಾರಿಸತೊಡಗಿತು; ಅವುಗಳಲ್ಲಿ ಕೆಲವು ಪರಮಾಣು ಗಡಿಯಾರಗಳು ಕೆಟ್ಟುಹೋದುದರಿಂದ ಬಂದ ತೊಡಕು, ಈ ವಿದ್ಯೆಯಲ್ಲಿ ಗಡಿಯಾರವೇ ಪ್ರಾಣವೆಂಬುದನ್ನು ತೋರಿಸಿಕೊಟ್ಟಿತು.

ಈ ಆಟದಲ್ಲಿ ಸ್ಥಾನವನ್ನು ಡಿಗ್ರಿ, ಮಿನಿಟು ಮತ್ತು ಮಿನಿಟಿನ ಸಾವಿರದ ಪಾಲುಗಳಲ್ಲಿ ಬರೆಯುವ ರೂಢಿ. ನಮ್ಮ 16ನೆಯ ಅಕ್ಷಾಂಶದಲ್ಲಿ ಮಿನಿಟಿನ ಸಾವಿರದ ಒಂದು ಪಾಲು ಎಂದರೆ ಉತ್ತರ ದಕ್ಷಿಣವಾಗಿ ಸುಮಾರು 1.84 ಮೀಟರು, ಪೂರ್ವ ಪಶ್ಚಿಮವಾಗಿ 1.78 ಮೀಟರು. ಎರಡೂ ಒಂದೇ ಏಕಿಲ್ಲವೆಂದರೆ, ಧ್ರುವಗಳತ್ತ ಸಾಗಿದಂತೆ ರೇಖಾಂಶಗಳು ಪರಸ್ಪರ ಸಮೀಪಿಸುತ್ತವೆ. ಬರವಣಿಗೆ ಇಷ್ಟು ಸೂಕ್ಷ್ಮವಾಗಿದ್ದರೂ ಬಯಲಿನಲ್ಲಿ ಫೋನು ತೋರಿಸುವ ಸ್ಥಾನವು ಐದಾರು ಮೀಟರು ತಪ್ಪಿದ್ದೀತು. ಅಂಕೆಗಳು ಮರದ ಬಳಿಗೆ ಒಯ್ಯುತ್ತವೆ. ಪೊಟರೆಯನ್ನು ಕಣ್ಣೇ ಹುಡುಕಬೇಕು.

ಬಾದಾಮಿಗೆ ಹೋದಾಗ ತಪ್ಪು ಇನ್ನೂ ಹೆಚ್ಚುತ್ತದೆ. ಅಗಸ್ತ್ಯತೀರ್ಥದ ಎರಡು ಬದಿಗಳಲ್ಲಿಯೂ ಮರಳುಗಲ್ಲಿನ ಬೆಟ್ಟಗಳು ಗೋಡೆಗಳಂತೆ ಎದ್ದು ನಿಂತಿರುವುದನ್ನು ನಮ್ಮ ವಾಚಕರಲ್ಲಿ ಹಲವರು ಕಂಡಿರಬಹುದು. ಬಂಡೆಗಳ ನಡುವೆ ಚಪ್ಪಾಳೆ ತಟ್ಟಿದರೆ ಸದ್ದು ಎದುರುಗೋಡೆಗೆ ಬಡಿದು ತಡವಾಗಿ ಮರಳುತ್ತದೆಯಷ್ಟೆ. ರೇಡಿಯೋ ಅಲೆಯ ಗತಿಯೂ ಅದೇ. ಬಂಡೆಯ ಬುಡದಲ್ಲಿ ನಿಂತವರಿಗೆ ಅರ್ಧ ಆಕಾಶವೇ ಮರೆಯಾಗಿರುತ್ತದೆ. ಕೆಲವು ಉಪಗ್ರಹಗಳ ಅಲೆಗಳು ನೇರವಾಗಿ ಬಾರದೆ ಎದುರಿನ ಬಂಡೆಗೆ ತಾಗಿ ಸುತ್ತುದಾರಿಯಿಂದ ಬರುತ್ತವೆ. ತಡವಾಗಿ ಬಂದುದನ್ನು ಫೋನು ‘ಉಪಗ್ರಹ ದೂರದಲ್ಲಿದೆ’ ಎಂದೇ ತಿಳಿಯುತ್ತದೆ. ನಿಂತಲ್ಲಿಯೇ ನಿಂತಿದ್ದರೂ ಪರದೆಯ ಮೇಲಿನ ಚುಕ್ಕೆ ಕೆರೆಯ ನೀರಿನಲ್ಲಿ ನಡೆದಾಡುವುದುಂಟು! ಯಾವ ತಡೆಯೂ ಇಲ್ಲದ ಹುನಗುಂದದ ಎರೆಭೂಮಿಯಲ್ಲಿ ಈ ತೊಂದರೆ ಬಹುಮಟ್ಟಿಗೆ ಇಲ್ಲ.

ಹಳೆಯ ನಕಾಶೆಯಿಂದ ಅಂಕೆಗಳನ್ನು ಎತ್ತಿಕೊಳ್ಳುವವರು ಮತ್ತೊಂದು ಮೋಸಕ್ಕೆ ಒಳಗಾಗುತ್ತಾರೆ. ಲ್ಯಾಂಬ್ಟನ್ 1802ರಲ್ಲಿ ಮದರಾಸಿನಲ್ಲಿ ಆರಂಭಿಸಿದ ಮಹಾ ತ್ರಿಕೋನಮಿತೀಯ ಮೋಜಣಿಯನ್ನು ಮುಂದುವರಿಸಿದ ಎವರೆಸ್ಟ್, ಭೂಮಿಯ ಆಕಾರಕ್ಕೆ ಒಂದು ಲೆಕ್ಕ ಕಟ್ಟಿದ್ದರು. ಸರ್ವೆ ಆಫ್ ಇಂಡಿಯಾದ ಹಳೆಯ ಹಾಳೆಗಳು ಅದನ್ನು ಅನುಸರಿಸುತ್ತವೆ. ಉಪಗ್ರಹಗಳು ಅನುಸರಿಸುವ ಲೆಕ್ಕ ಬೇರೆ. ಅದೇ ಅಂಕೆಗಳು ನಮ್ಮನ್ನು ನೂರು ಮೀಟರಿಗೂ ಮಿಕ್ಕು ಆಚೆಯ ಹೊಲಕ್ಕೆ ಕಳುಹಿಸಬಲ್ಲವು.

ಈಗ ಮುಖ್ಯವಾದ ವಿಷಯಕ್ಕೆ ಬರೋಣ. ಈ ಆಟವನ್ನು ನಿಧಿಶೋಧವೆಂದು ಕರೆಯುವುದು ವಾಡಿಕೆ. ಬೇರೆ ದೇಶಗಳಲ್ಲಿ ಅದು ಬರಿಯ ವಿನೋದದ ಮಾತಾದೀತು. ನಮ್ಮ ನಾಡಿನಲ್ಲಿ ಹಾಗಲ್ಲ. ನಿಧಿಯಾಸೆಗೆ ಬಿದ್ದವರು ಅಮಾವಾಸ್ಯೆಯ ರಾತ್ರಿ ಹಾಳುಗುಡಿಯ ಗರ್ಭಗೃಹವನ್ನು ಅಗೆದು, ಲಿಂಗವನ್ನು ಕಿತ್ತು, ವೀರಗಲ್ಲನ್ನು ಉರುಳಿಸಿದ ಸುದ್ದಿಗಳನ್ನು ನಾವು ಓದುತ್ತಲೇ ಬಂದಿದ್ದೇವೆ. ಐಹೊಳೆ, ಪಟ್ಟದಕಲ್ಲು, ಬಾದಾಮಿಗಳಿರುವ ಈ ಸೀಮೆಯಲ್ಲಿ ಕೈಯಲ್ಲಿ ಯಂತ್ರ ಹಿಡಿದು ಕಲ್ಲಿನ ಸಂದಿಗಳಲ್ಲಿ ತಡಕಾಡುವ ತರುಣರನ್ನು ಕಂಡು ಊರವರು ಸಂಶಯಪಟ್ಟರೆ ಅದು ಊರವರ ತಪ್ಪಲ್ಲ. ವಾರಸುದಾರರಿಲ್ಲದ ಡಬ್ಬಿಯನ್ನು ಕಂಡು ಪೋಲೀಸರು ಬಂದರೆ ಅವರ ತಪ್ಪೂ ಅಲ್ಲ.

ಆದುದರಿಂದ ಆಟದ ಮೊದಲನೆಯ ನಿಯಮವೇ ನೆಲವನ್ನು ಅಗೆಯಬಾರದೆಂಬುದು. ಹೂಳಿಟ್ಟ ಡಬ್ಬಿಗೆ ಆಟದಲ್ಲಿ ಮಾನ್ಯತೆಯಿಲ್ಲ. ಜಮೀನಿನ ಒಡೆಯರ ಅನುಮತಿ ಬೇಕು. ಒಳಗೇನಿದೆಯೆಂಬುದು ಡಬ್ಬಿಯ ಮೇಲೆ ಸ್ಪಷ್ಟವಾಗಿ ಬರೆದಿರಬೇಕು. ಊರ ಹಿರಿಯರಿಗೆ ಮುಂಚಿತವಾಗಿ ತಿಳಿಸಿರಬೇಕೆಂದು ನಾವು ಸೇರಿಸುತ್ತೇವೆ. ಸಂರಕ್ಷಿತ ಸ್ಮಾರಕಗಳಿಗೆ 1958ರ ಕಾಯಿದೆಯ ರಕ್ಷಣೆಯುಂಟು. 2010ರ ತಿದ್ದುಪಡಿಯು ಅವುಗಳ ಸುತ್ತ ನೂರು ಮೀಟರಿನ ವಲಯದಲ್ಲಿ ಹೊಸ ಕಟ್ಟಡವನ್ನು ನಿಷೇಧಿಸಿದೆ. ಕಟ್ಟಡಕ್ಕಾಗಿ ಗೆರೆಯೆಳೆದ ಆ ವಲಯವನ್ನೇ ನಮ್ಮ ಡಬ್ಬಿಗೂ ಎಲ್ಲೆಯಾಗಿ ಇಟ್ಟುಕೊಳ್ಳುವುದು ಲೇಸು. ಇಳಕಲ್ಲಿನ ಸುತ್ತ ಕೆಂಪು ಗ್ರಾನೈಟು ತೆಗೆದು ಬಿಟ್ಟ ಕಣಿಗಳೂ ಬೇಡ. ಅವುಗಳಲ್ಲಿ ನಿಂತ ನೀರಿನ ಆಳ ಮೇಲಿನಿಂದ ತಿಳಿಯದು. ಬಾಗಲಕೋಟೆಯಲ್ಲಿ ಆಲಮಟ್ಟಿಯ ಹಿನ್ನೀರನ್ನು ನೆನೆಯಬೇಕು. ಜಲಾಶಯದ ಪೂರ್ಣಮಟ್ಟ 519.60 ಮೀಟರು, ಬೇಸಗೆಯಲ್ಲಿ ಒಣಗಿದ ದಡದ ಮೇಲಿಟ್ಟುದು ಮಳೆಗಾಲದಲ್ಲಿ ನೀರೊಳಗಾಗುತ್ತದೆ. ಹಳೆಯ ಪೇಟೆಯ ಬೀದಿಗಳನ್ನೇ ನೀರಿಗೆ ಬಿಟ್ಟು ನವನಗರಕ್ಕೆ ಬಂದ ಜನರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮುಳುಗಿದ ಮನೆಯ ಅಕ್ಷಾಂಶ ರೇಖಾಂಶಗಳು ಇಂದಿಗೂ ಅವೇ.

ಹಾಗಾದರೆ ಬಾದಾಮಿಯಲ್ಲಿ ಆಡುವುದೇ ಬೇಡವೆ? ಬೇಕು, ಡಬ್ಬಿಯಿಲ್ಲದೆ ಆಡಬೇಕು. ಅಮೆರಿಕದ ಭೂವಿಜ್ಞಾನ ಸಂಘವು 2004ರಲ್ಲಿ ಅರ್ಥ್‌ಕ್ಯಾಶ್ ಎಂಬ ಬಗೆಯನ್ನು ಹೊರತಂದಿತು. ಇಲ್ಲಿ ಅಡಗಿಸಿಡುವುದು ಏನೂ ಇಲ್ಲ. ಅಂಕೆಗಳು ಒಂದು ಬಂಡೆಯ ಮುಂದೆ ನಿಲ್ಲಿಸುತ್ತವೆ. ಅಲ್ಲಿ ನೋಡಿಯೇ ಉತ್ತರಿಸಬೇಕಾದ ಪ್ರಶ್ನೆಯೇ ನಿಧಿ. ನಾವು ಆ ಬಂಡೆಯ ಮುಂದೆ ನಿಂತೆವೆನ್ನೋಣ. ಅಡ್ಡಲಾಗಿ ಹಾಸಿದ ಪದರಗಳೊಳಗೆ ಓರೆಯಾದ ಸಣ್ಣ ಗೆರೆಗಳು ಕಾಣುತ್ತವೆ. ಅವು ಯಾವ ದಿಕ್ಕಿಗೆ ಇಳಿಯುತ್ತವೆ? ಆ ದಿಕ್ಕೇ ಅಂದು ಮರಳನ್ನು ಹೊತ್ತು ತಂದ ನೀರಿನ ಹರಿವಿನ ದಿಕ್ಕು. ನೆಲದ ಮೇಲೆ ಪ್ರಾಣಿಗಳೇ ಇಲ್ಲದ ಕಾಲದ ಹೊಳೆಯದು. ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಈ ಶಿಲಾಶ್ರೇಣಿಯನ್ನು ವರ್ಣಿಸಿ ಕಲಾದಗಿಯ ಹೆಸರನ್ನು ಇಟ್ಟರು. ಬಾಗಲಕೋಟೆಯ ಕಡೆಯ ಕೆಳಗಿನ ಪದರಗಳು ಮಡಿಸಿಕೊಂಡು ಓರೆಯಾಗಿವೆ. ಬಾದಾಮಿಯ ಮೇಲಿನ ಪದರಗಳು ಹೆಚ್ಚುಕಡಿಮೆ ಮಟ್ಟಸವಾಗಿವೆ. ಎರಡರ ನಡುವೆ ದೀರ್ಘಕಾಲ ಕಳೆದಿರಬೇಕೆಂಬುದನ್ನು ವಿದ್ಯಾರ್ಥಿಯು ಕೋನಮಾಪಕವೊಂದರಿಂದ ತಾನೇ ಕಂಡುಕೊಳ್ಳಬಹುದು. ಇಂತಹ ನಾಲ್ಕು ಪ್ರಶ್ನೆಗಳನ್ನು ನಾಲ್ಕು ಊರುಗಳ ಶಾಲೆಗಳು ಒಂದಕ್ಕೊಂದು ಒಡ್ಡಿಕೊಂಡರೆ, ಆಡುವ ಬಳಗ ಅಲ್ಲಿಯೇ ಹುಟ್ಟಿತು.

ಕೊನೆಗೆ ಹದಿನಾರು ಎಪ್ಪತ್ತಾರರ ಬಿಂದು. ಪೂರ್ಣ ಡಿಗ್ರಿಗಳ ರೇಖೆಗಳು ಕೂಡುವ ಸ್ಥಳಗಳಿಗೆಲ್ಲ ಹೋಗಿ, ನಾಲ್ಕು ದಿಕ್ಕುಗಳ ಚಿತ್ರ ತೆಗೆದು ದಾಖಲಿಸುವ ಕಾರ್ಯವನ್ನು ಅಲೆಕ್ಸ್ ಜಾರೆಟ್ ಎಂಬವರು 1996ರಲ್ಲಿ ಆರಂಭಿಸಿದರು, ಅಲ್ಲಿಯೂ ಡಬ್ಬಿಯಿಲ್ಲ. ನಮ್ಮ ಬಿಂದು ಯಾರದಾದರೂ ಹೊಲದಲ್ಲಿ ಬೀಳುವ ಸಂಭವವೇ ಹೆಚ್ಚು. ಮಳೆ ಬಿದ್ದ ಎರೆಮಣ್ಣು ಕೆರವನ್ನು ಬಿಡದು. ಹಿಂಗಾರಿ ಜೋಳದ ಸುಗ್ಗಿ ಮುಗಿದ ಮೇಲೆ, ರೈತರನ್ನು ಕೇಳಿಕೊಂಡು, ಬೆಳಗಿನ ತಂಪಿನಲ್ಲಿ ಹೋಗುವುದು ಒಳ್ಳೆಯದು. ಪರದೆಯ ಮೇಲೆ ದಶಾಂಶಗಳೆಲ್ಲ ಸೊನ್ನೆಯಾಗುವಂತೆ ಮಾಡಲು ಒಂದು ಹೆಜ್ಜೆ ಮುಂದಕ್ಕೆ, ಒಂದು ಹೆಜ್ಜೆ ಹಿಂದಕ್ಕೆ ಕುಣಿಯಬೇಕಾಗುತ್ತದೆ. ಪೈರು ಇನ್ನೂ ನಿಂತಿದ್ದರೆ ಕುಣಿಯುವುದು ಬೇಡ. ನೂರು ಮೀಟರಿನೊಳಗೆ ಬಂದರೂ ಆ ದಾಖಲೆಯವರು ಒಪ್ಪುತ್ತಾರೆ. ಬದುವಿನ ಮೇಲೆಯೇ ನಿಂತು, ಬಿಂದುವು ಯಾವ ದಿಕ್ಕಿಗೆ ಎಷ್ಟು ಮೀಟರು ಉಳಿಯಿತೆಂಬುದನ್ನು ಬರೆದುಕೊಂಡು ಹಿಂದಿರುಗಬಹುದು.